ಕಾಯುವ ಕೈ ಕಟ್ಟಿಹಾಕದಿರಲಿ



ಮಕ್ಕಳತ್ತ ಗಮನವನ್ನೇ ಕೊಡದ ಹೆತ್ತವರ ಕುರಿತು ನಾವು ಅನೇಕ ಸಲ ಮಾತನಾಡಿದ್ದೇವೆ. ಆದರೆ ಕಾಳಜಿಯೇ ಅತಿಯಾದಾಗ ಏನಾಗುತ್ತದೆಂದು ಕೇಳಿಕೊಂಡದ್ದು ಕಡಿಮೆ. ಏಕೆಂದರೆ ಈ ಪ್ರಶ್ನೆ ನೇರವಾಗಿ ನಮ್ಮದೇ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ.

ನಮ್ಮ ಪಟ್ಟಣದ ಒಂದು ಸಾಮಾನ್ಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ವರ್ಷದ ಮಗನಿಗೆ ಇನ್ನೂ ತಾಯಿಯೇ ಉಣ್ಣಿಸುತ್ತಾರೆ. ಹದಿಮೂರರಲ್ಲೂ ಅವನು ಬೀದಿ ತುದಿಯ ಅಂಗಡಿಗೆ ಒಬ್ಬನೇ ಹೋಗುವಂತಿಲ್ಲ. ಗೆಳೆಯನೊಂದಿಗೆ ಸಣ್ಣ ಜಗಳವಾದರೆ ಮರುದಿನ ತಂದೆ ಮುಖ್ಯೋಪಾಧ್ಯಾಯರ ಮುಂದೆ ಹಾಜರಾಗುತ್ತಾರೆ. ಪಿಯುಸಿಯಲ್ಲಿ ಏನು ಓದಬೇಕೆಂಬುದನ್ನು ಮಾವ, ಚಿಕ್ಕಪ್ಪ ಕೂಡಿ ತೀರ್ಮಾನಿಸುತ್ತಾರೆ. ಹದಿನೆಂಟು ತುಂಬಿದಾಗ ಅದೇ ಹುಡುಗನನ್ನು ದೂರದ ಹಾಸ್ಟೆಲ್‌ನಲ್ಲಿ ಬಿಟ್ಟು, ಇನ್ನು ಎಲ್ಲವನ್ನೂ ನೀನೇ ನೋಡಿಕೋ ಎನ್ನುತ್ತೇವೆ. ಈಜು ಕಲಿಸದೆ ಹೊಳೆಗೆ ಇಳಿಸಿದಂತೆ! ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಕೈಕೊಟ್ಟರೆ ಅವನಿಗೆ ಬದುಕೇ ಮುಗಿದಂತೆ ತೋರುತ್ತದೆ. ಅದನ್ನು ಮನೆಗೆ ಹೇಳುವ ಧೈರ್ಯವೂ ಇರುವುದಿಲ್ಲ. ಹೆಣ್ಣುಮಕ್ಕಳ ಸುತ್ತಲಿನ ಬೇಲಿಯಂತೂ ಇನ್ನೂ ಬಿಗಿ. ಒಂದು ನಿರ್ಧಾರವನ್ನೂ ಸ್ವತಃ ಕೈಗೊಳ್ಳಲು ಬಿಡದ ಮಗಳಿಂದ ಮದುವೆಯ ಮರುದಿನವೇ ಸಂಸಾರ ನಡೆಸುವ ವಿವೇಕವನ್ನು ಬಯಸುತ್ತೇವೆ.

1979ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಅವರ ಸಂಗಡಿಗರು 25 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಬದುಕಿನ ಮೊದಲ 16 ವರ್ಷಗಳಲ್ಲಿ ತಂದೆತಾಯಿ ಹೇಗೆ ನಡೆದುಕೊಂಡರೆಂಬುದನ್ನು ದೊಡ್ಡವರಾದ ಮಕ್ಕಳು ನೆನಪಿಸಿಕೊಂಡು ಉತ್ತರಿಸಬೇಕು. ಅವರು ಪ್ರೀತಿಯನ್ನೂ ನಿಯಂತ್ರಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಅಳೆದರು. ಪ್ರೀತಿ ಕಡಿಮೆಯಿದ್ದು ನಿಯಂತ್ರಣ ಹೆಚ್ಚಿದ್ದ ಮನೆಗಳಲ್ಲಿ ಬೆಳೆದವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂತು. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲವೆಂದು ನಾವು ನೆಮ್ಮದಿಪಡಬಹುದು. ಆದರೆ ಪ್ರೀತಿಯೂ ನಿಯಂತ್ರಣವೂ ಎರಡೂ ತುಂಬಿರುವ ಮನೆಗೂ ಪಾರ್ಕರ್ ಒಂದು ಹೆಸರಿಟ್ಟಿದ್ದರು: ಪ್ರೀತಿಯ ಬಂಧನ. ನಮ್ಮಲ್ಲಿ ಹೆಚ್ಚಿನವರ ವಿಳಾಸ ಬಹುಶಃ ಅದೇ.

ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂಶೋಧಕರು ಬಾಲ್ಯದಿಂದ ಮುಪ್ಪಿನವರೆಗೆ ಗಮನಿಸುತ್ತ ಬಂದಿದ್ದಾರೆ. ಸ್ವಂತ ನಿರ್ಧಾರಕ್ಕೆ ಅವಕಾಶ ಕೊಡದೆ, ಮಕ್ಕಳಿಗೆ ತಮ್ಮದೆಂಬ ಏಕಾಂತವನ್ನೂ ಬಿಡದೆ, ಅವರನ್ನು ತಮ್ಮ ಮೇಲೆಯೇ ಅವಲಂಬಿತರಾಗಿಸಿದ ಹೆತ್ತವರ ಮಕ್ಕಳ ಮಾನಸಿಕ ಸ್ವಾಸ್ಥ್ಯ, ಅರುವತ್ತು ದಾಟಿದ ಮೇಲೂ ಕುಂದಿದ್ದನ್ನು ಆ ಅಧ್ಯಯನದ ಆಧಾರದಲ್ಲಿ 2015ರಲ್ಲಿ ಪ್ರಕಟಿಸಲಾಯಿತು. ಹೆತ್ತವರು ಮಣ್ಣು ಸೇರಿದ ಮೇಲೂ ಅವರ ಬಿಗಿಮುಷ್ಟಿಯ ಗುರುತು ಉಳಿಯಬಹುದೆಂದರೆ ನಾವು ಎಚ್ಚರಗೊಳ್ಳಬೇಡವೇ?

ಇದರ ಹಿಂದಿನ ಕಾರಣ ಸರಳ. ಮಗುವಿನ ಪ್ರತಿಯೊಂದು ತೊಡಕನ್ನೂ ನಾವೇ ಬಿಡಿಸಿದಾಗ ಅದು ಎರಡು ಪಾಠ ಕಲಿಯುತ್ತದೆ. ಲೋಕ ಅಪಾಯಕಾರಿ ಎಂಬುದು ಮೊದಲನೆಯದು, ನನ್ನಿಂದ ಏನೂ ಆಗದು ಎಂಬುದು ಎರಡನೆಯದು. ಭಯ ಕರಗುವುದು ಭಯಪಟ್ಟದ್ದನ್ನು ಎದುರಿಸಿದಾಗಲೇ. ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಹೆತ್ತವರ ಆತಂಕವೂ ಹೀಗೆಯೇ ಮಕ್ಕಳಿಗೆ ದಾಟುತ್ತದೆ.

ಹಾಗೆಂದು ಯುವಕರ ಪ್ರತಿಯೊಂದು ನೋವಿನ ಹೊಣೆಯನ್ನೂ ತಾಯಂದಿರ ತಲೆಗೆ ಕಟ್ಟುವುದು ಅನ್ಯಾಯ. ಮನೋರೋಗಗಳಿಗೆ ವಂಶವಾಹಿ, ಬಡತನ, ಅವಮಾನ, ನಿರುದ್ಯೋಗ ಮುಂತಾಗಿ ಹಲವು ಕಾರಣಗಳಿವೆ. ಸ್ವಭಾವತಃ ಅಂಜುವ ಮಗುವನ್ನು ಕಂಡು ಹೆತ್ತವರು ಹೆಚ್ಚು ಕಾಯುವುದೂ ಉಂಟು. ನಮ್ಮ ಭಯಗಳೂ ಸುಳ್ಳಲ್ಲ. ರಸ್ತೆಗಳು ಸುರಕ್ಷಿತವಲ್ಲ. ಮಾದಕ ವಸ್ತುಗಳ ಜಾಲವಿದೆ. ಹೆಸರು ಕೇಳಿದೊಡನೆ ನಮ್ಮ ಮಕ್ಕಳನ್ನು ಅನುಮಾನದಿಂದ ನೋಡುವ ಕಣ್ಣುಗಳಿವೆ. ಇಂತಹ ಕಾಲದಲ್ಲಿ ಹೆತ್ತ ಕರುಳು ಕಳವಳಗೊಳ್ಳುವುದು ಸಹಜ. ಆದರೆ ಲೋಕ ಕಠಿಣವಾದಷ್ಟೂ ಅದನ್ನು ಎದುರಿಸುವ ಶಕ್ತಿ ಮಕ್ಕಳಿಗೆ ಹೆಚ್ಚು ಬೇಕಲ್ಲವೇ? ನಾವು ಕೊನೆಯವರೆಗೂ ಅವರ ಜೊತೆಗಿರುವವರಲ್ಲ.

ಆದ್ದರಿಂದ ರಕ್ಷಣೆಯನ್ನು ಕೈಬಿಡಬೇಕಾಗಿಲ್ಲ, ವಯಸ್ಸಿಗೆ ತಕ್ಕಂತೆ ಅದನ್ನು ಸಡಿಲಿಸುತ್ತ ಹೋಗಬೇಕು. ಏಳರ ಮಗು ತನ್ನ ಚೀಲವನ್ನು ತಾನೇ ಜೋಡಿಸಿಕೊಳ್ಳಲಿ, ಮರೆತರೆ ಒಂದು ದಿನ ಬೈಸಿಕೊಳ್ಳಲಿ. ಹನ್ನೆರಡರವರು, ಗಂಡಾಗಲಿ ಹೆಣ್ಣಾಗಲಿ, ಅಂಗಡಿಯ ಲೆಕ್ಕ ನೋಡಿ ಚಿಲ್ಲರೆ ಎಣಿಸಿ ತರಲಿ. ಹದಿನಾರರವರು ಬ್ಯಾಂಕಿನ ಅರ್ಜಿ ತುಂಬಲಿ, ಒಂದು ಹೊತ್ತಿನ ಅಡುಗೆ ಮಾಡಲಿ. ಓದು ಮತ್ತು ವಿವಾಹದ ವಿಷಯದಲ್ಲಿ ಸಲಹೆ ನಮ್ಮದಿರಲಿ, ಕೊನೆಯ ಮಾತು ಅವರದಾಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸೋತು ಬಂದ ಮಗುವಿಗೆ ಬೈಗುಳವಿಲ್ಲದ ಒಂದು ಬಾಗಿಲು ಮನೆಯಲ್ಲಿ ಸದಾ ತೆರೆದಿರಲಿ.

ಮಗನೋ ಮಗಳೋ ವಾರಗಟ್ಟಲೆ ನಿದ್ದೆಗೆಟ್ಟು, ಊಟ ಬಿಟ್ಟು, ಮಾತು ಕಳೆದುಕೊಂಡಿದ್ದರೆ ಅದನ್ನು ಸೋಮಾರಿತನವೆಂದು ಜರೆಯದಿರೋಣ. ನಾಲ್ಕು ಜನ ಏನೆನ್ನುವರೋ ಎಂದು ಮುಚ್ಚಿಡದಿರೋಣ. ವೈದ್ಯರ ಬಳಿಗೆ ಕರೆದೊಯ್ಯೋಣ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ಸಹೋದರ ಸಹೋದರಿಯರೇ, ನಡೆಯಲು ಕಲಿಯುವ ಮಗುವಿನ ಕೈಯನ್ನು ನಾವೆಲ್ಲ ಒಂದು ದಿನ ಬಿಟ್ಟಿದ್ದೆವು. ಅದು ಬಿತ್ತು, ಅತ್ತಿತು, ಎದ್ದು ನಡೆಯಿತು. ಅಂದು ನಾವು ತೋರಿದ ಧೈರ್ಯವನ್ನು ಅದೇ ಮಗು ದೊಡ್ಡದಾದ ಮೇಲೂ ತೋರೋಣ.