ಹಿಂಡಿನ ಮುಂದೆ ನಡೆದವಳು



ನನಗೆ ಭಾಷಣ ಮಾಡಿ ಗೊತ್ತಿಲ್ಲ. ನನ್ನ ಕತೆ ಹೇಳ್ತೀನಿ, ಕೇಳಿ.

ನಮ್ಮೂರು ಕಬಿನಿ ಹಿನ್ನೀರಿನ ಹತ್ತಿರ. ಆಚೆ ದಡ ನಾಗರಹೊಳೆ ಕಾಡು. ಗಂಡ ತೀರಿಕೊಂಡಾಗ ಇಬ್ಬರು ಮಕ್ಕಳೂ ಚಿಕ್ಕವರು. ಎರಡು ಎಕರೆ ರಾಗಿ ಹೊಲ. "ಇನ್ನು ಮನೆ ಯಾರು ನಡೆಸ್ತಾರೆ?" ಅಂತ ಊರವರು ಕೇಳಿದರು. ನಾನೂ ಅದನ್ನೇ ಕೇಳ್ಕೊಂಡೆ. ಮೂರು ತಿಂಗಳು ಹೊಸಿಲು ದಾಟಲಿಲ್ಲ.

ಬೇಸಿಗೆ ಬಂತು. ಬೇಸಿಗೇಲಿ ಕಾಡಿನ ಕೆರೆ ಒಣಗ್ತವೆ. ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರ್ತದೆ. ಆಗ ಆನೆಗಳು ಹಿಂಡು ಹಿಂಡಾಗಿ ಬರ್ತವೆ. ಒಂದು ಸಂಜೆ ಈಚೆ ದಡದಿಂದ ನೋಡಿದೆ. ಮುಂದೆ ಒಂದು ಮುದಿ ಆನೆ. ಕಿವಿ ಅಂಚು ಹರಿದಿತ್ತು. ಅದು ನಿಂತರೆ ಎಲ್ಲವೂ ನಿಂತವು. ಸೊಂಡಿಲು ಎತ್ತಿ ಗಾಳಿ ಮೂಸಿತು. ಆಮೇಲೆ ನೀರಿಗೆ ಇಳೀತು. ಮರಿಗಳನ್ನ ನಡುವೆ ಇಟ್ಕೊಂಡು ಉಳಿದವು ಹಿಂದೆ ಬಂದವು.

ಪಕ್ಕದಲ್ಲಿದ್ದ ಅಜ್ಜ ಹೇಳಿದರು: "ಅದು ಹೆಣ್ಣು ಕಣವ್ವ. ಗಂಡು ಬೆಳೆದ ಮೇಲೆ ಹಿಂಡು ಬಿಟ್ಟು ಹೋಗ್ತದೆ. ನೀರೆಲ್ಲಿ, ಮೇವೆಲ್ಲಿ ಅಂತ ಹಿರಿಯವಳಿಗೇ ಗೊತ್ತು."

ದಸರಾದಲ್ಲಿ ಅಂಬಾರಿ ಹೊರೋ ಗಂಡಾನೆಗೆ ನಾವು ಕೈ ಮುಗೀತೀವಿ. ಹಿಂಡು ನಡೆಸೋಳನ್ನ ನಾನು ನೋಡೇ ಇರಲಿಲ್ಲ. ಆನೆ ನಮ್ಮ ರಾಗಿ ತುಳಿದದ್ದೂ ಉಂಟು. ಆ ಸಿಟ್ಟು ಇನ್ನೂ ಇದೆ. ಆದರೂ ಆ ಮುದುಕಿ ನನ್ನ ಮನಸ್ಸಲ್ಲಿ ಕೂತುಬಿಟ್ಟಳು.

ಒಂದು ದಿನ ಮೈದುನ ಕಾಗದ ತಂದ. "ಹೆಬ್ಬೆಟ್ಟು ಒತ್ತು ಅತ್ತಿಗೆ" ಅಂದ. ನಾನು ಆ ಆನೆ ಹಾಗೇ ನಿಂತೆ. ಮೊದಲು ಮೂಸಿ ನೋಡ್ಬೇಕು, ಅಲ್ವಾ? "ಓದಿಸಿ ನೋಡ್ತೀನಿ" ಅಂದೆ. ಕಲಿಕಾ ಕೇಂದ್ರದ ಮೇಡಂ ಓದಿದರು. ಹೊಲದ ಹಕ್ಕು ಬಿಟ್ಟುಕೊಟ್ಟಿದ್ದೀನಿ ಅಂತ ಬರೆದಿತ್ತು! 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇದೆಯಂತೆ. ಗಂಡನ ಸ್ವಂತ ಆಸ್ತೀಲಿ ಹೆಂಡತಿ, ಮಕ್ಕಳು, ಅವನ ತಾಯಿ, ಎಲ್ಲರಿಗೂ ಸಮಪಾಲು.

ಅವತ್ತೇ ಸ್ಲೇಟು ಹಿಡಿದೆ. "ಅ ಆ ಆಮೇಲೆ, ಮೊದಲು ನನ್ನ ಹೆಸರು ಕಲಿಸಿ" ಅಂದೆ. ಖಾತೆಗೆ ನಾಲ್ಕು ಸಲ ಅಲೆದೆ. ಐದನೇ ಸಲ ರುಜು ಹಾಕಿದೆ. ಸೊಟ್ಟಗೆ ಬಂತು. ಗುಮಾಸ್ತ ನಕ್ಕ. ನಗಲಿ.

ಇನ್ನೊಂದು ಮಾತು. 2013ರ ಆಹಾರ ಭದ್ರತಾ ಕಾಯಿದೆ ಪ್ರಕಾರ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ನಮ್ಮನೇಲಿ ಅದು ನಮ್ಮತ್ತೆ. ಓದಿ ಹೇಳಿದೆ. "ನಾನಾ?" ಅಂತ ಮೂರು ಸಲ ಕೇಳಿದರು.

ಅಗೋ, ಕೊನೇ ಸಾಲಲ್ಲಿ ಕೂತಿದ್ದಾರೆ. ಸ್ಲೇಟನ್ನ ಸೆರಗಲ್ಲಿ ಮುಚ್ಚಿಟ್ಕೊಂಡಿದ್ದಾರೆ.