ಸಂತೋಷಕ್ಕಾಗಿ ಓದು: ಪುಸ್ತಕದಂಗಡಿ ಮತ್ತು ನಮ್ಮ ಮಕ್ಕಳು

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಸಾಹಿತ್ಯ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಓದಿನ ಕುರಿತು ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಸೂಚಿಸಿದಾಗ, ಜ್ಞಾನಾರ್ಜನೆಯ ಮಹಿಮೆಯನ್ನು ನಾನು ವಿವರಿಸುವೆನೆಂದು ಅವರು ಎಣಿಸಿರಬಹುದು. ಆ ವಿಷಯವನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾನು ಹೇಳಬೇಕೆಂದಿರುವುದು ಅಂಕಪಟ್ಟಿಗೂ ಸೇರದ, ಉಪದೇಶಕ್ಕೂ ಸೇರದ ಇನ್ನೊಂದು ಬಗೆಯ ಓದಿನ ವಿಚಾರ. ಕೇವಲ ಸಂತೋಷಕ್ಕಾಗಿ, ಇರುವ ಜಾಗವನ್ನು ಸ್ವಲ್ಪ ಹೊತ್ತು ಮರೆಯುವುದಕ್ಕಾಗಿ ಓದುವ ಓದು. ವಿಮರ್ಶೆಯ ಪರಿಭಾಷೆಯಲ್ಲಿ ಇದಕ್ಕೆ ಪಲಾಯನದ ಓದು ಎಂದು ಹೆಸರು. ಎಂ.ಎ. ತರಗತಿಯಲ್ಲಿ ನಾನು ಈ ಮಾತನ್ನು ಬೈಗುಳವಾಗಿಯೇ ಕಲಿತೆ. ಅಧ್ಯಾಪಿಕೆಯಾದ ಮೇಲೆ ಬೈಗುಳವಾಗಿಯೇ ಬಳಸಿದೆ. ಆದುದರಿಂದ ಮೊದಲಿಗೆ ಒಂದು ತಪ್ಪೊಪ್ಪಿಗೆ.

ನಾನು ವೃತ್ತಿಗೆ ಸೇರಿದ ಹೊಸತರಲ್ಲಿ, ಬೇರೊಂದು ಶಾಲೆಯಲ್ಲಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕನ್ನಡ ಪಠ್ಯಪುಸ್ತಕದ ಒಳಗೆ ಪತ್ತೇದಾರಿ ಕಾದಂಬರಿಯೊಂದನ್ನು ಇಟ್ಟು ಓದುತ್ತಿದ್ದಳು. ನಾನು ಅದನ್ನು ಕಿತ್ತುಕೊಂಡೆ. ಇಂತಹ ಕಥೆ ಪುಸ್ತಕಗಳನ್ನು ಓದಿದವರು ಹಾಳಾಗುತ್ತಾರೆ ಎಂದು ಇಡೀ ತರಗತಿಯ ಮುಂದೆ ಹೇಳಿದೆ. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ವರ್ಷದ ಕೊನೆಗೆ ಹಿಂದಿರುಗಿಸಿದೆ. ಪಾಠದ ವೇಳೆ ಕಾದಂಬರಿ ಓದಿದ್ದು ಸರಿಯಲ್ಲ, ನಿಜ. ಆದರೆ ಆ ಬಳಿಕ ಆಕೆ ಗ್ರಂಥಾಲಯದ ಅವಧಿಯಲ್ಲಿಯೂ ಒಂದು ಪುಸ್ತಕವನ್ನು ಕೇಳಿ ಪಡೆದುದನ್ನು ನಾನು ಕಾಣಲಿಲ್ಲ.

ಎಷ್ಟೋ ವರ್ಷಗಳ ತರುವಾಯ ಆಕೆ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಜೊತೆಯಲ್ಲಿ ಮಗಳಿದ್ದಳು. "ಮಗಳಿಗೆ ಕಥೆ ಪುಸ್ತಕ ತಂದುಕೊಡುತ್ತೀಯಾ?" ಎಂದು ಕೇಳಿದೆ. "ಪಾಠ ಓದಿದರೆ ಸಾಕು ಟೀಚರ್. ಕಥೆ ಪುಸ್ತಕ ಓದಿದರೆ ಹಾಳಾಗುತ್ತಾರೆಂದು ನೀವೇ ಹೇಳಿದ್ದಲ್ಲವೇ?" ಎಂದು ಆಕೆ ನಗುತ್ತಲೇ ಉತ್ತರಿಸಿದಳು. ಅವಳ ನಗುವಿನಲ್ಲಿ ಕೊಂಕಿರಲಿಲ್ಲ. ನನ್ನ ಮಾತನ್ನು ಆಕೆ ನಿಜವಾಗಿಯೂ ನಂಬಿದ್ದಳು. ಅಂದು ನನಗಾದ ನಾಚಿಕೆ ಇಂದಿಗೂ ಉಳಿದಿದೆ.

ಆಕೆ ಓದುತ್ತಿದ್ದಂತಹ ಕಾದಂಬರಿಗಳನ್ನು ಕನ್ನಡದ ಮನೆಮನೆಗೆ ತಲುಪಿಸಿದವರು ಎನ್. ನರಸಿಂಹಯ್ಯನವರು. ಪ್ರಾಥಮಿಕ ಶಾಲೆಯ ಆಚೆಗೆ ಓದಲಾಗದ ಅವರು 'ಪತ್ತೇದಾರ ಪುರುಷೋತ್ತಮ'ನನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದರು. ಪದವಿ ಪಡೆದ ನಾವು ತರಗತಿಯಲ್ಲಿ ಮಾಡಲಾಗದ ಕೆಲಸವನ್ನು, ಅಂದರೆ ಪುಟ ತಿರುಗಿಸುವ ಆತುರವನ್ನು ಓದುಗರಲ್ಲಿ ಹುಟ್ಟಿಸುವುದನ್ನು, ಅವರು ಮಾಡಿದರು. ಇನ್ನೂ ಹಿಂದೆ ಹೋದರೆ ಗಳಗನಾಥರಿದ್ದಾರೆ. ಐತಿಹಾಸಿಕ ಕಾದಂಬರಿಗಳನ್ನು ಬರೆದು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕೃತಿಗಳನ್ನು ಕನ್ನಡಿಸಿ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಕನ್ನಡ ಓದುಗನನ್ನು ಕಟ್ಟಿದ್ದು ಶಾಲೆಗಳಷ್ಟೇ ಅಲ್ಲ. ಮುಂದೇನಾಯಿತು ಎಂಬ ಕುತೂಹಲವೂ ಕಟ್ಟಿತು.

ನಾನು ಓದು ಕಲಿತದ್ದೂ ಹಾಗೆಯೇ ಎಂಬುದನ್ನು ಆ ಹುಡುಗಿಯ ಪುಸ್ತಕ ಕಿತ್ತುಕೊಂಡ ದಿನ ಮರೆತಿದ್ದೆ. ನಮ್ಮ ಮನೆ ಅಡಿಕೆ ತೋಟದ ನಡುವೆ ಇತ್ತು. ಆಟಿಯ ಮಳೆಯಲ್ಲಿ ವಿದ್ಯುತ್ ಹೋದರೆ ಮೂರು ದಿನ ಬರುತ್ತಿರಲಿಲ್ಲ. 'ಚಂದಮಾಮ'ದ ಬೇತಾಳ, 'ಸುಧಾ' ವಾರಪತ್ರಿಕೆಯ ಧಾರಾವಾಹಿ, ಇವೇ ಆ ದಿನಗಳ ಸಂಗಾತಿಗಳು. ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿ, ಕೊನೆಗೆ ದಾರದಿಂದ ಹೊಲಿದು ಪುಸ್ತಕ ಮಾಡುತ್ತಿದ್ದರು ನನ್ನ ಅಮ್ಮ. ಆ ಪುಸ್ತಕ ನೆರೆಯ ಏಳೆಂಟು ಮನೆಗಳನ್ನು ಸುತ್ತಿ, ಎಣ್ಣೆಯ ಕಲೆ ಅಂಟಿಸಿಕೊಂಡು ಹಿಂದಿರುಗುತ್ತಿತ್ತು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಚಿಮಿಣಿ ದೀಪದ ಬಳಿ ಕುಳಿತು ತ್ರಿವೇಣಿಯವರ ಕಾದಂಬರಿಯನ್ನು ಓದುತ್ತಿದ್ದ ಅಮ್ಮ ಎಲ್ಲಿಗೂ ಪಲಾಯನ ಮಾಡಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹಟ್ಟಿಗೆ ಹೋಗುತ್ತಿದ್ದರು. ಆದರೆ ರಾತ್ರಿಯ ಆ ಒಂದು ಗಂಟೆ ಯಾರಿಗೂ ಸೇರದ, ಅವರದೇ ಗಂಟೆಯಾಗಿತ್ತು.

ಇಂಗ್ಲಿಷ್ ಲೇಖಕ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಅದ್ಭುತ ಕಥೆಗಳ ಕುರಿತು ಉಪನ್ಯಾಸ ನೀಡಿದರು. ಮುಂದೆ ಪ್ರಬಂಧವಾಗಿ ಪ್ರಕಟವಾದ ಅದರಲ್ಲಿ ಅವರ ಒಂದು ವಾದ ಹೀಗಿದೆ: ಸೆರೆಯಲ್ಲಿರುವವನು ತನ್ನ ಮನೆಯನ್ನು ನೆನೆಯುವುದು ಬೇರೆ, ಸೈನಿಕನು ರಣರಂಗದಿಂದ ಓಡಿಹೋಗುವುದು ಬೇರೆ, ಟೀಕಾಕಾರರು ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಇದನ್ನು ಓದಿದಾಗ ನನಗೆ ಅಮ್ಮನ ಚಿಮಿಣಿ ದೀಪದ ನೆನಪಾಯಿತು. ನಮ್ಮ ಹಿರಿಯರೂ ಇದನ್ನು ಅರಿತಿದ್ದರು. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿಯಿಡೀ ಬಯಲಿನಲ್ಲಿ ಕುಳಿತು, ಕುಂಬಳೆಯ ಪಾರ್ತಿಸುಬ್ಬ ಹಾಡಿದ ಪಂಚವಟಿಗೆ ಹೋಗಿ ಬರುತ್ತಿದ್ದರು. ಅವರನ್ನು ಯಾರೂ ಪಲಾಯನವಾದಿಗಳೆಂದು ಕರೆಯಲಿಲ್ಲ.

ಮಂಜೇಶ್ವರದ ಗೋವಿಂದ ಪೈಗಳನ್ನೇ ನೋಡಿ. ತಂದೆಯವರ ಅನಾರೋಗ್ಯದಿಂದಾಗಿ ಬಿ.ಎ. ಪದವಿಯನ್ನು ಪೂರ್ಣಗೊಳಿಸಲಾಗದೆ ಊರಿಗೆ ಮರಳಿದವರು ಅವರು. ನಮ್ಮ ಈ ಕಡಲ ತೀರದಲ್ಲಿ ಪುಸ್ತಕಗಳ ನಡುವೆ ಕುಳಿತೇ 'ಗೊಲ್ಗೊಥಾ'ದಲ್ಲಿ ಕ್ರಿಸ್ತನ ಕೊನೆಯ ದಿನವನ್ನೂ, 'ವೈಶಾಖಿ'ಯಲ್ಲಿ ಬುದ್ಧನ ಕೊನೆಯ ದಿನವನ್ನೂ ಕಂಡರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ದೂರ ಹೋಗಬಲ್ಲ ಓದು ಅವರನ್ನು ಈ ಊರಿನಿಂದ ಬೇರ್ಪಡಿಸಲಿಲ್ಲ.

ಇನ್ನು ಪುಸ್ತಕದಂಗಡಿಯ ಮಾತು. ಬಿ.ಎಡ್. ಓದುತ್ತಿದ್ದಾಗ ನಾನು ಮಂಗಳೂರಿನ ಅತ್ರಿ ಬುಕ್ ಸೆಂಟರಿಗೆ ಮೊದಲ ಬಾರಿ ಹೋದೆ. ಜಿ.ಎನ್. ಅಶೋಕವರ್ಧನರು 1975ರಲ್ಲಿ ಆರಂಭಿಸಿದ ಅಂಗಡಿ ಅದು. ನಾನು ಹೋದದ್ದು ಮನಶ್ಶಾಸ್ತ್ರದ ಒಂದು ಪರೀಕ್ಷಾ ಪುಸ್ತಕಕ್ಕಾಗಿ. ಕಪಾಟಿನಿಂದ ಕಪಾಟಿಗೆ ಸರಿಯುತ್ತಾ, ಒಂದನ್ನು ತೆಗೆದು ಎರಡು ಪುಟ ಓದಿ ಮತ್ತೆ ಇಡುತ್ತಾ, ಗಂಟೆ ಕಳೆದುದೇ ತಿಳಿಯಲಿಲ್ಲ. ಕೊನೆಗೆ ಬಸ್ಸಿನ ಹಣವನ್ನಷ್ಟೇ ಉಳಿಸಿಕೊಂಡು ಕೊಂಡದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್ ದಾರಿ. ಬಸ್ಸಿನಲ್ಲೇ ಅರ್ಧ ಓದಿದೆ.

ಹಾರುವ ಓತಿಯೊಂದನ್ನು ಹುಡುಕುತ್ತಾ ಘಟ್ಟದ ಕಾಡಿಗೆ ಹೋಗುವವರ ಕಥೆ ಅದು. ಪರೀಕ್ಷೆಯ ಚಿಂತೆಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಅವರ ಬೆನ್ನು ಹಿಡಿದಿದ್ದೆ. ಮರುವಾರ ಮನೆಗೆ ಹೋದಾಗ ತೋಟದಲ್ಲಿ ನಿಂತು ಅಡಿಕೆ ಮರಗಳನ್ನು ನೋಡತೊಡಗಿದೆ. ಒಂದು ಮರದಿಂದ ಇನ್ನೊಂದಕ್ಕೆ ಒಣಗಿದ ಎಲೆಯಂತೆ ತೇಲಿಹೋದದ್ದು ಅದೇ ಓತಿ! ಹುಟ್ಟಿದಂದಿನಿಂದ ಆ ತೋಟದಲ್ಲಿ ಓಡಾಡಿದವಳು ಅದನ್ನು ನಿಂತು ನೋಡಿದ್ದು ಅಂದೇ ಮೊದಲು. ತಪ್ಪಿಸಿಕೊಂಡು ಹೋದ ದಾರಿ ನನ್ನನ್ನು ನನ್ನ ಮನೆಯ ಹಿತ್ತಿಲಿಗೇ ಕರೆತಂದಿತ್ತು.

ಅತ್ರಿ 2012ರಲ್ಲಿ ಬಾಗಿಲು ಹಾಕಿತು. ಈಗ ಮೊಬೈಲಿನಲ್ಲಿ ಒತ್ತಿದರೆ ಪುಸ್ತಕ ಮನೆಬಾಗಿಲಿಗೆ ಬರುತ್ತದೆ, ನಾನೂ ತರಿಸುತ್ತೇನೆ. ಆದರೆ ಅಲ್ಲಿ ನಾವು ಹೆಸರು ತಿಳಿದಿರುವ ಪುಸ್ತಕವನ್ನು ಹುಡುಕುತ್ತೇವೆ. ಹೆಸರೇ ಕೇಳದ ಪುಸ್ತಕವೊಂದು ಕೈಗೆ ಸಿಕ್ಕಿ, ನಿಂತಲ್ಲೇ ಎರಡು ಪುಟ ಓದಿಸಿಕೊಳ್ಳುವುದು ಅಂಗಡಿಯಲ್ಲಿ ಮಾತ್ರ. ಪುಸ್ತಕವನ್ನು ಬಲ್ಲ ವ್ಯಾಪಾರಿಯೊಬ್ಬನಿದ್ದರೆ ಆ ಅಂಗಡಿ ಒಂದು ಶಾಲೆಯೇ ಸರಿ.

ಕಾಸರಗೋಡಿನವರಾದ ನಮಗೆ ಈ ಮಾತು ಇನ್ನಷ್ಟು ಮುಖ್ಯ. 1956ರ ನವೆಂಬರ್ 1ರ ಬಳಿಕ ಇಲ್ಲಿ ಕನ್ನಡದ ಅಳಿವು ಉಳಿವಿನ ಕುರಿತು ಎಷ್ಟೋ ಸಭೆಗಳು ನಡೆದಿವೆ, ಹೋರಾಟಗಳು ನಡೆದಿವೆ. ಅವು ಅಗತ್ಯವೇ. ಆದರೆ ನಮ್ಮ ತರಗತಿಯೊಳಗೆ ಬಂದು ನೋಡಿ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ ಮಾತನಾಡುವ ಮಕ್ಕಳು ಅಕ್ಕಪಕ್ಕ ಕುಳಿತಿರುತ್ತಾರೆ. ಪೇಟೆಯಲ್ಲಿ, ಕಚೇರಿಯಲ್ಲಿ ಅವರ ಕಿವಿಗೆ ಬೀಳುವುದು ಹೆಚ್ಚಾಗಿ ಮಲಯಾಳ. ಪುಸ್ತಕದ ಕನ್ನಡ ಅವರಿಗೆ ಸಿಗುವುದು ಶಾಲೆಯಲ್ಲಿ. ಅಲ್ಲಿಯೂ ಅದು ಪ್ರಶ್ನೋತ್ತರದ ಭಾಷೆಯಾಗಿಯೇ ಉಳಿದರೆ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ದಿನ ಆ ಭಾಷೆಯೂ ಮುಗಿಯುತ್ತದೆ. ಕನ್ನಡದಲ್ಲಿ ಒಮ್ಮೆ ನಕ್ಕ, ಹೆದರಿದ, ಕದ್ದು ಓದಿದ ಮಗು ಮಾತ್ರ ಅದನ್ನು ತನ್ನದೆಂದು ಇಟ್ಟುಕೊಳ್ಳುತ್ತದೆ. ನಾನು ಅಂದು ಕಿತ್ತುಕೊಂಡದ್ದು ಬರಿಯ ಒಂದು ಪತ್ತೇದಾರಿ ಕಾದಂಬರಿಯಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಕೇರಳದ ಗ್ರಂಥಶಾಲಾ ಚಳುವಳಿಯ ನೇತಾರ ಪಿ.ಎನ್. ಪಣಿಕ್ಕರರ ನೆನಪಿನಲ್ಲಿ ಜೂನ್ 19ರಂದು ನಾವು ವಾಚನಾ ದಿನವನ್ನು ಆಚರಿಸುತ್ತೇವೆ. ಪ್ರತಿಜ್ಞೆ ಮಾಡಿಸುತ್ತೇವೆ, ಓದಿದ ಪ್ರತಿಯೊಂದು ಕಥೆಗೂ ಟಿಪ್ಪಣಿ ಬರೆಸುತ್ತೇವೆ. ಟಿಪ್ಪಣಿ ಬರೆಯಬೇಕಲ್ಲ ಎಂಬ ಭಯದಿಂದ ಅತ್ಯಂತ ತೆಳುವಾದ ಪುಸ್ತಕವನ್ನು ಆರಿಸುವ ಮಕ್ಕಳನ್ನು ನಾನು ಕಂಡಿದ್ದೇನೆ.

ಆದುದರಿಂದ ಈ ಸಂದರ್ಭದಲ್ಲಿ ಮೂರು ಕೋರಿಕೆಗಳನ್ನು ಮುಂದಿಡುತ್ತೇನೆ. ಮೊದಲನೆಯದು ನನಗೆ ನಾನೇ ಮಾಡಿಕೊಂಡದ್ದು: ನಮ್ಮ ಗ್ರಂಥಾಲಯದ ಕಪಾಟುಗಳಿಗೆ ಇನ್ನು ಬೀಗವಿರುವುದಿಲ್ಲ. ಕೆಲವು ಪುಸ್ತಕಗಳು ಹರಿಯಬಹುದು, ಕೆಲವು ಕಳೆದುಹೋಗಬಹುದು. ಹೊಸದಾಗಿಯೇ ಉಳಿದ ಪುಸ್ತಕಕ್ಕಿಂತ ಅದು ಮೇಲು. ಎರಡನೆಯದು ಹಳೆ ವಿದ್ಯಾರ್ಥಿಗಳಲ್ಲಿ: ಶತಮಾನೋತ್ಸವದ ನಿಧಿಯಲ್ಲಿ ಒಂದು ಪಾಲನ್ನು ತೆಗೆದಿರಿಸಿ, ವರ್ಷಕ್ಕೊಮ್ಮೆ ನಮ್ಮ ಏಳನೆಯ ತರಗತಿಯ ಮಕ್ಕಳನ್ನು ಮಂಗಳೂರಿನ ಒಂದು ಪುಸ್ತಕದಂಗಡಿಗೆ ಕರೆದೊಯ್ಯೋಣ. ಪ್ರತಿ ಮಗುವಿನ ಕೈಯಲ್ಲಿ 200 ರೂಪಾಯಿ ಇರಲಿ. ಆಯ್ಕೆ ಮಗುವಿನದೇ. ಭೂತದ ಕಥೆಯಾಗಲಿ, ಕ್ರಿಕೆಟ್ ಆಟಗಾರನ ಜೀವನವಾಗಲಿ, ನಗೆಹನಿಯಾಗಲಿ, ಅಧ್ಯಾಪಕರು ಮುಖ ಸಿಂಡರಿಸಬಾರದು, ಟಿಪ್ಪಣಿ ಕೇಳಬಾರದು. ಮೂರನೆಯದು ತಾಯ್ತಂದೆಯರಲ್ಲಿ: ಮಗು ಕಥೆ ಪುಸ್ತಕ ಹಿಡಿದು ಮೂಲೆಯಲ್ಲಿ ಕುಳಿತಿದ್ದರೆ ದಯವಿಟ್ಟು ಎಬ್ಬಿಸಬೇಡಿ. ಊಟಕ್ಕೆ ಹತ್ತು ನಿಮಿಷ ತಡವಾದರೆ ಆಗಲಿ.

ಆ ಹಳೆಯ ವಿದ್ಯಾರ್ಥಿನಿಯ ಮಗಳ ಕೈಗೆ ನಾನು ಬಸ್ ನಿಲ್ದಾಣದಲ್ಲಿಯೇ, ಚೀಲದಲ್ಲಿದ್ದ ಒಂದು ಕನ್ನಡ ಕಥೆ ಪುಸ್ತಕವನ್ನು ಕೊಟ್ಟೆ. "ಅಂದು ನಾನು ಹೇಳಿದ್ದು ತಪ್ಪು" ಎಂದು ತಾಯಿಗೆ ಹೇಳಿದೆ. ಬಸ್ಸು ಹೊರಡುವಾಗ ನೋಡಿದರೆ ಕಿಟಕಿಯ ಬಳಿ ಕುಳಿತು ಪುಸ್ತಕದ ಮೊದಲ ಪುಟವನ್ನು ಬಿಡಿಸುತ್ತಿದ್ದವಳು ಮಗಳಲ್ಲ, ತಾಯಿ.