ತಟ್ಟೆಯಾಟಕ್ಕೊಂದು ಬಯಲು



ಶಿವಾಜಿ ಪಾರ್ಕಿನಲ್ಲಿ ಕ್ರಿಕೆಟ್ಟಿನ ಗುಂಪುಗಳು ಒಂದರೊಳಗೊಂದು ಹೆಣೆದುಕೊಂಡು ಆಡುತ್ತವೆ. ನಮ್ಮ ಹೆಣ್ಣುಮಕ್ಕಳೂ ಚಿಕ್ಕವರೂ ಕಟ್ಟೆಯ ಮೇಲೆ ಕುಳಿತು ನೋಡುವವರು. ಅವರಿಗಾಗಿ ನಾವು ಡಿಸ್ಕ್ ಗಾಲ್ಫನ್ನು ಸೂಚಿಸುತ್ತೇವೆ. 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಎಡ್ ಹೆಡ್ರಿಕ್ ಎಂಬವರು ಇದಕ್ಕೊಂದು ಕಾಯಂ ಅಂಗಳ ಹಾಕಿದರು. ತಟ್ಟೆಯನ್ನು ಎಸೆಯುವುದು, ಬಿದ್ದಲ್ಲಿಂದ ಮತ್ತೆ ಎಸೆಯುವುದು, ಸರಪಳಿಯ ಬುಟ್ಟಿಗೆ ಸೇರಿಸುವುದು. ಎಸೆತ ಕಡಿಮೆಯಾದವರು ಗೆದ್ದರು. ಬುಟ್ಟಿಯಿಲ್ಲವೆ? ಮರದ ಬೊಡ್ಡೆ ಸಾಕು. ಜನ ವಿರಳವಾದ ಹೊತ್ತನ್ನು ಆರಿಸಿ, ದಾರಿಹೋಕರು ದಾಟುವವರೆಗೆ ಕೈ ತಡೆದರಾಯಿತು.

ನಮ್ಮ ಚಿನ್ನಿದಾಂಡನ್ನು ಮಕ್ಕಳು ವಿಟಿದಾಂಡು ಎನ್ನುತ್ತಾರೆ. ಬೇಸರವಿಲ್ಲ, ನೆರೆಯ ನುಡಿಯೂ ನಮ್ಮದೇ. ಆದರೆ ಈ ಆಟದ ಎಸೆತಗಳನ್ನಾದರೂ ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಲಿ. ತಟ್ಟೆಗಳನ್ನು ನಾವು ತರುತ್ತೇವೆ. ಮಕ್ಕಳನ್ನು ನೀವು ಕಳುಹಿಸಿರಿ.